ಕಾವು ಕೊಟ್ಟವಳ ಹೇಳಿಕೆ

ಮರಿಗಳು ಸತ್ತದ್ದು ಚಳಿಗೆ. ನನ್ನಿಂದ ಸತ್ತವು ಎಂದು ಕಾಗದದಲ್ಲಿ ಬರೆದರು. ಆ ಕಾಗದ ಈಗಲೂ ಕಂಪನಿಯ ಕಪಾಟಿನಲ್ಲಿ ಇರಬಹುದು. ಅದರ ಕೆಳಗೆ ನನ್ನ ಗುರುತಿಲ್ಲ. ಯಾಕಿಲ್ಲ ಎಂದು ಹೇಳುತ್ತೇನೆ.

ನಾನು ಬ್ರೂಡರ್ ಶೆಡ್ಡಿನಲ್ಲಿ ಹನ್ನೊಂದು ವರ್ಷ ದುಡಿದವಳು. ಮೊಟ್ಟೆಯೊಡೆದು ಒಂದೇ ದಿನವಾದ ಕೋಳಿಮರಿಗಳು ತೂತಿನ ರಟ್ಟಿನ ಪೆಟ್ಟಿಗೆಗಳಲ್ಲಿ ಬರುತ್ತವೆ. ಒಂದು ಸಲಕ್ಕೆ ಎರಡು ಸಾವಿರ. ಅವಕ್ಕೆ ತಾಯಿ ಇಲ್ಲ. ರೆಕ್ಕೆಯ ಬದಲು ತಗಡಿನ ಮುಚ್ಚಳ, ಮೈಬಿಸಿಯ ಬದಲು ಅದರ ಕೆಳಗೆ ನಾಲ್ಕು ಬಲ್ಬು. ನೆಲಕ್ಕೆ ನಾಲ್ಕು ಬೆರಳು ದಪ್ಪ ಹೊಟ್ಟು ಹಾಸಬೇಕು. ಸುತ್ತಲೂ ಮೊಣಕಾಲೆತ್ತರದ ತಗಡು ನಿಲ್ಲಿಸಬೇಕು. ದುಂಡಗೇ ನಿಲ್ಲಿಸಬೇಕು, ಮೂಲೆ ಇರಬಾರದು. ಮೂಲೆ ಸಿಕ್ಕರೆ ಚಳಿ ಹತ್ತಿದ ಮರಿಗಳು ಅಲ್ಲಿ ಒಂದರ ಮೇಲೊಂದು ಹತ್ತುತ್ತವೆ. ಕೆಳಗಿನವು ಉಸಿರು ಕಟ್ಟಿ ಸಾಯುತ್ತವೆ. ಐನೂರು ಮರಿಗೆ ಒಂದು ಸುತ್ತು. ನಮ್ಮ ಶೆಡ್ಡಿನಲ್ಲಿ ನಾಲ್ಕು ಸುತ್ತು.

ಬಂದ ದಿನ ಒಂದೊಂದೇ ಮರಿಯನ್ನು ಎತ್ತಿ ಕೊಕ್ಕನ್ನು ನೀರಿಗೆ ಅದ್ದಿ ಬಿಡಬೇಕು. ನೀರು ಎಲ್ಲಿದೆ ಎಂದು ಅವಕ್ಕೆ ತೋರಿಸುವವರು ಬೇರೆ ಯಾರೂ ಇಲ್ಲ. ಎರಡು ಸಾವಿರ ಸಲ ಬಗ್ಗಿ ಏಳುವುದು. ಮೊದಲ ದಿನಗಳಲ್ಲಿ ದೀಪ ಆರಲೇಬಾರದು. ಕತ್ತಲಾದರೆ ಅವು ತಿನ್ನುವುದಿಲ್ಲ, ಕುಡಿಯುವುದಿಲ್ಲ, ಹೆದರಿ ಗುಂಪುಗೂಡುತ್ತವೆ. ಶಾಖ ನೋಡುವುದಕ್ಕೆ ಗೋಡೆಯ ಮೇಲೆ ಗಾಜಿನ ಕಡ್ಡಿ ತೂಗುಹಾಕಿದ್ದರು. ಅದು ಗಂಡಸಿನ ಎದೆಯೆತ್ತರದಲ್ಲಿತ್ತು. ಮರಿ ಇರುವುದು ನೆಲದ ಮೇಲೆ. ನಾನು ಕಡ್ಡಿ ನೋಡುತ್ತಿರಲಿಲ್ಲ, ಮರಿ ನೋಡುತ್ತಿದ್ದೆ. ದೀಪದಡಿ ಒತ್ತಿಕೊಂಡು ಚೀರುತ್ತಿದ್ದರೆ ಚಳಿ. ಬಲ್ಬು ಇಳಿಸಬೇಕು. ತಗಡಿಗೆ ಅಂಟಿಕೊಂಡು ಕೊಕ್ಕು ತೆರೆದು ಏದುತ್ತಿದ್ದರೆ ಸೆಕೆ. ಹಗ್ಗ ಎಳೆದು ಬಲ್ಬು ಎತ್ತಬೇಕು. ಎಲ್ಲ ಕಡೆ ಹರಡಿಕೊಂಡು ಸಣ್ಣಗೆ ಗುಣುಗುಣು ಅನ್ನುತ್ತಿದ್ದರೆ ಸರಿ ಇದೆ ಎಂದು ಅರ್ಥ. ಆಗ ನಾನೂ ಗೋಡೆಗೆ ಒರಗಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ.

ನಾನಿದ್ದ ಕೋಣೆ ಶೆಡ್ಡಿಗೆ ತಗುಲಿಕೊಂಡೇ ಇತ್ತು. ಫೀಡ್ ಚೀಲಗಳ ಕೋಣೆ. ಚೀಲಗಳ ನಡುವೆ ಒಬ್ಬರು ಮಲಗುವಷ್ಟು ಜಾಗ. ಅಲ್ಲಿಗೆ ಕರೆಂಟಿನ ತಂತಿ ಎಳೆದಿರಲಿಲ್ಲ. ಯಜಮಾನನ ಮನೆಯ ನಲ್ಲಿಯನ್ನು ನಾನು ಮುಟ್ಟುವ ಹಾಗಿರಲಿಲ್ಲ. ಮರಿಗಳಿಗೆ ತುಂಬಿಡುವ ತೊಟ್ಟಿಯ ನೀರನ್ನೇ ನಾನೂ ಕುಡಿಯುತ್ತಿದ್ದೆ.

ಫೀಡ್ ಗಾಡಿಯವನು ದಿನಾ ಬೆಳಿಗ್ಗೆ ಬಂದು ಗೇಟಿನ ಹೊರಗೆ ಚೀಲ ಇಳಿಸಿ ಹೋಗುತ್ತಿದ್ದ. ನನ್ನನ್ನು ಕಾವಕ್ಕ ಎಂದು ಮೊದಲು ಕರೆದವನು ಅವನು. ಆಮೇಲೆ ಎಲ್ಲರಿಗೂ ಅದೇ ಹೆಸರಾಯಿತು. ಚಳಿಗಾಲದಲ್ಲಿ ನಾನು ಗೋಣಿ ಹೊದ್ದು ಗೇಟಿಗೆ ಬಂದರೆ ಅವನು ನಗುತ್ತಿದ್ದ.

"ನೀನೂ ಒಂದು ಕೊಕ್ಕು ಅಂಟಿಸ್ಕೋ ಕಾವಕ್ಕ, ನಿಂಗೂ ಒಂದು ಬಲ್ಬು ಹಾಕಿಸ್ತಾರೆ."

ನಾನೂ ನಗುತ್ತಿದ್ದೆ. ದಿನಕ್ಕೆ ಅಷ್ಟೇ ನಗು, ಅಷ್ಟೇ ಮಾತು. ಮಿಕ್ಕ ಹೊತ್ತು ಮರಿಗಳ ಜೊತೆ.

ಅವನೂ ನಾನೂ ಕಾಲುವೆಯಾಚೆಯವರು. ಊರಿನವರ ಬಾಯಲ್ಲಿ ಅದು ದಿಕ್ಕಲ್ಲ, ಬೈಗುಳ. ನಮಗೆ ಹೊಲಸು ಹೊರುವ ಕೆಲಸ ಕೇಳದೆಯೇ ಸಿಗುತ್ತದೆ. ಮಿಕ್ಕ ಕೆಲಸ ಕೇಳಿದರೂ ಸಿಗುವುದಿಲ್ಲ. ಬ್ರೂಡರ್ ಕೆಲಸ ನನಗೆ ಸಿಕ್ಕಿದ್ದು ಬೇರೆ ಯಾರೂ ಒಪ್ಪದ್ದಕ್ಕೆ. ಮರಿ ಬಂದ ದಿನದಿಂದ ಮೂರು ವಾರ ಬೇಲಿ ದಾಟುವ ಹಾಗಿಲ್ಲ. ಯಾರೂ ನನ್ನನ್ನು ನೋಡಲು ಬರುವ ಹಾಗಿಲ್ಲ. ರೋಗ ಕಾಲಿಗೆ ಅಂಟಿ ಬರುತ್ತದೆ, ಬಟ್ಟೆಗೆ ಅಂಟಿ ಬರುತ್ತದೆ. ಶೆಡ್ಡಿನ ಬಾಗಿಲಲ್ಲಿ ಔಷಧಿ ನೀರಿನ ತಟ್ಟೆ ಇಟ್ಟಿರುತ್ತಿದ್ದೆ. ಅದರಲ್ಲಿ ಕಾಲು ಅದ್ದಿಯೇ ಒಳಗೆ ಹೋಗಬೇಕು. ಅದ್ದಿ ಅದ್ದಿ ನನ್ನ ಹಿಮ್ಮಡಿ ಸೀಳಿಹೋಗಿತ್ತು. ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ. ನಿಯಮ ಸರಿಯಾದದ್ದೇ. ಆದರೆ ಅದು ನನ್ನ ಕಾಲಿಗೆ ಮಾತ್ರ ಇತ್ತು.

ನನಗೆ ಗಂಡ ಇದ್ದ. ಬಿಟ್ಟು ಹೋದ. ಮಕ್ಕಳಾಗಲಿಲ್ಲ. ಇದ್ದವಳು ಅಕ್ಕ ಒಬ್ಬಳೇ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ಸತ್ತಾಗ ನನಗೆ ನಾಲ್ಕು ವರ್ಷ. ಅಕ್ಕ ಸೊಂಟಕ್ಕೆ ನನ್ನನ್ನು ಕಟ್ಟಿಕೊಂಡು ಕಲ್ಲು ಹೊತ್ತಳು. ತಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನನ್ನನ್ನು ಆರನೇ ಕ್ಲಾಸಿನವರೆಗೆ ಕಳಿಸಿದಳು. ನಾನು ಜೋರಾಗಿ ಓದುತ್ತಿದ್ದರೆ ಎದುರಿಗೆ ಕೂತು ಏನೂ ಅರ್ಥವಾಗದೆ ತಲೆಯಾಡಿಸುತ್ತಿದ್ದಳು.

ಆ ಸಲ ಮರಿ ಬಂದು ಮೂರನೇ ದಿನ. ಗಾಡಿಯವನು ಚೀಲ ಇಳಿಸಿ ತಮಾಷೆ ಮಾಡಲಿಲ್ಲ.

"ನಿಮ್ಮಕ್ಕ ಹಾಸಿಗೆ ಹಿಡಿದಿದ್ದಾಳೆ. ಎದೇಲಿ ಕಫ ಕಟ್ಟಿದೆಯಂತೆ. ಊಟ ಸೇರ್ತಿಲ್ಲ. ನಿನ್ನನ್ನ ಕೇಳ್ತಿದ್ದಾಳೆ."

"ಬರ್ತೀನಿ ಅಂತ ಹೇಳು," ಅಂದೆ.

ಹೇಳಿದೆನಲ್ಲ, ಹೇಗೆ ಹೋಗುವುದು ಎಂದು ಯೋಚಿಸಿರಲಿಲ್ಲ. ಫಾರಂ ನೋಡಿಕೊಳ್ಳುತ್ತಿದ್ದವನು ಮುದಿ ಯಜಮಾನನ ಅಳಿಯ. ಎಲ್ಲರೂ ಅವನನ್ನು ಅಳಿಯ ಎಂದೇ ಅನ್ನುತ್ತಿದ್ದರು, ಅವನ ಬೆನ್ನ ಹಿಂದೆ. ಓದಿದವನು. ಎಂದೂ ದನಿ ಏರಿಸಿದವನಲ್ಲ. ನನ್ನ ಜೊತೆ ಮಾತಾಡುವಾಗ ಮೂಗಿಗೆ ಕರವಸ್ತ್ರ ಹಿಡಿದುಕೊಳ್ಳುತ್ತಿದ್ದ.

ನಾನು ಮನೆಯ ಹಿಂಬದಿಯ ಮೆಟ್ಟಿಲ ಕೆಳಗೆ ನಿಂತು ಕೇಳಿದೆ. "ಅಯ್ಯಾ, ನಮ್ಮಕ್ಕಂಗೆ ಹುಷಾರಿಲ್ಲ. ಒಂದೇ ಒಂದು ಸಲ ನೋಡಿ ಬರ್ತೀನಿ. ಹೋಗಿ ಬರೋಕೆ ಎರಡು ತಾಸು. ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಶೆಡ್ಡಿಗೆ ಹೋಗ್ತೀನಿ."

"ನಿನ್ನ ಕಷ್ಟ ನಂಗೆ ಅರ್ಥ ಆಗುತ್ತೆ," ಅಂದ. "ಆದ್ರೆ ಕಾಲುವೆ ಆಚೆ ಯಾವ ಯಾವ ರೋಗ ಇದೆಯೋ ಯಾರಿಗೆ ಗೊತ್ತು. ಮೂರು ವಾರ ಮುಗೀಲಿ. ಆಮೇಲೆ ಬೇಕಾದಷ್ಟು ದಿನ ಇದ್ದು ಬಾ."

"ಅಷ್ಟು ದಿನ ತಡೀತಾಳೋ ಇಲ್ವೋ ಅಯ್ಯಾ."

"ಹೋಗ್ತೀನಿ ಅಂದ್ರೆ ಹೋಗು. ನಾನು ಕೈ ಕಟ್ಟಿ ಹಾಕಿಲ್ಲ. ವಾಪಸ್ ಮಾತ್ರ ಬರಬೇಡ."

ನಾನು ಶೆಡ್ಡಿಗೆ ಮರಳಿದೆ. ಕೆಲಸ ಹೋಗುತ್ತದೆ ಎಂಬುದು ಒಂದು. ಇನ್ನೊಂದೂ ಇತ್ತು. ನಾನಿಲ್ಲದೆ ಈ ಎರಡು ಸಾವಿರವನ್ನು ನೋಡುವವರು ಯಾರು ಎಂದು ಯೋಚಿಸಿದೆ. ಹಾಗೆ ಯೋಚಿಸುವುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೇ ಕಲಿತಿದ್ದೆ. ಅವರಿಗೆ ಅದು ಗೊತ್ತಿತ್ತು.

ಮರುದಿನ ಗಾಡಿಯವನು, "ಬರ್ತೀಯಾ ಅಂತ ಕಾಯ್ತಿದ್ದಾಳೆ," ಅಂದ. ಅದರ ಮರುದಿನ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆರನೇ ದಿನ ಗಾಡಿಯಿಂದ ಇಳಿಯದೆ ಕೂತೇ ಹೇಳಿದ.

"ಬೆಳಗಿನ ಜಾವ ಹೋದಳು. ಮಧ್ಯಾಹ್ನ ಮಣ್ಣು ಮಾಡ್ತಾರೆ. ಅವಳ ಮಗಳು ಕೇಳಿ ಕಳಿಸಿದ್ದಾಳೆ, ಚಿಕ್ಕಮ್ಮ ಬಂದ ಮೇಲೆ ಎತ್ತೋದಾ, ಅಥವಾ ಎತ್ತಿಬಿಡೋದಾ ಅಂತ."

ಚೀಲ ಹೊತ್ತುಕೊಂಡಿದ್ದೆ. ಇಳಿಸುವುದು ಮರೆತುಹೋಯಿತು. ಹಾಗೇ ಹೊತ್ತುಕೊಂಡು ಮನೆಯ ಹಿಂಬದಿಗೆ ಹೋದೆ. ಅಳಿಯ ಬಾಗಿಲಿಗೆ ಬಂದು ಕೇಳಿಸಿಕೊಂಡ.

"ಛೆ. ಪಾಪ. ಆದ್ರೆ ಈಗ ಹೋಗಿ ಏನು ಮಾಡ್ತೀಯಾ. ಸತ್ತವರು ಎದ್ದು ಕೂರ್ತಾರಾ. ಸಾವಿನ ಮನೆ ಅಂದ್ರೆ ಹತ್ತು ಕಡೆಯವರು ಬಂದಿರ್ತಾರೆ. ಅದರಷ್ಟು ಅಪಾಯ ಇನ್ನೊಂದಿಲ್ಲ."

"ದೂರ ನಿಂತು ನೋಡಿ ಬರ್ತೀನಿ ಅಯ್ಯಾ."

"ದೂರದಿಂದ ನೋಡೋದಾದ್ರೆ ಇಲ್ಲಿಂದಲೇ ನೋಡು."

ವ್ಯಂಗ್ಯಕ್ಕೆ ಹೇಳಿದ್ದಲ್ಲ. ಉಪಾಯ ಹೇಳಿಕೊಟ್ಟವನ ಹಾಗೆ ಹೇಳಿದ. ಎತ್ತಿಬಿಡಿ ಎಂದು ಗಾಡಿಯವನ ಕೈಲಿ ಹೇಳಿ ಕಳಿಸಿದೆ. ಮಧ್ಯಾಹ್ನ ನೀರಿನ ತೊಟ್ಟಿಯ ಕಟ್ಟೆ ಹತ್ತಿ ನಿಂತೆ. ಕಾಲುವೆಯ ಏರಿಯ ಮೇಲೆ ಜನ ಹೋಗುತ್ತಿದ್ದರು. ಕಡ್ಡಿಯಷ್ಟು ಸಣ್ಣದಾಗಿ ಕಂಡರು. ಯಾರು ಹೊತ್ತವರು, ಯಾರು ಹಿಂದೆ ನಡೆದವರು ಗೊತ್ತಾಗಲಿಲ್ಲ. ಅದು ಅಕ್ಕನದೇ ಹೌದೋ ಎಂದು ಕೂಡ ನನಗೆ ಖಾತ್ರಿಯಿಲ್ಲ. ಅವರು ಮರೆಯಾಗುವ ಮುಂಚೆಯೇ ಶೆಡ್ಡಿನೊಳಗೆ ಎರಡನೇ ಸುತ್ತಿನ ಮರಿಗಳು ಚೀರತೊಡಗಿದವು. ಒಂದು ಬಲ್ಬು ಸುಟ್ಟಿತ್ತು. ಇಳಿದು ಹೋಗಿ ಬದಲಾಯಿಸಿದೆ. ಬದಲಾಯಿಸುವಾಗ ಅತ್ತೆ. ಮರಿಗಳ ಮುಂದೆ ಅಳುವುದಕ್ಕೆ ನಾಚಿಕೆಯಿಲ್ಲ.

ಒಂಬತ್ತನೇ ದಿನ ಅಳಿಯನ ಮನೆಗೆ ನೆಂಟರು ಬಂದರು. ಎರಡು ಕಾರು. ಅಳಿಯನ ಹೆಂಡತಿಯ ತಂಗಿ, ಅವಳ ಗಂಡ, ಅವರ ಸ್ನೇಹಿತರು. ಬೆಳಿಗ್ಗೆಯಿಂದ ಗಾಳಿ ಬೀಸುತ್ತಿತ್ತು. ನಾನು ಶೆಡ್ಡಿನ ಬದಿಗೆ ಇಳಿಬಿಟ್ಟ ಪರದೆಗಳ ಅಂಚಿಗೆ ಕಲ್ಲು ಹೇರಿ ಬಿಗಿ ಮಾಡಿದ್ದೆ. ಹನ್ನೊಂದು ಗಂಟೆ ಹೊತ್ತಿಗೆ ಅವರೆಲ್ಲ ನಗುತ್ತಾ ಶೆಡ್ಡಿನ ಕಡೆ ಬಂದರು. ಔಷಧಿ ನೀರಿನ ತಟ್ಟೆಯನ್ನು ಒಬ್ಬೊಬ್ಬರಾಗಿ ದಾಟಿ ಒಳಗೆ ಬಂದರು. ಬೂಟು ಒದ್ದೆಯಾಗುತ್ತದೆ ಎಂದು.

"ಅಯ್ಯಾ, ಕಾಲು," ಅಂದೆ.

ಅಳಿಯ ಕೇಳಿಸಿಕೊಂಡ. ಕೇಳಿಸಲಿಲ್ಲ ಎನ್ನುವ ಹಾಗೆ ಮುಖ ಮಾಡಿದ.

ಹೆಂಡತಿಯ ತಂಗಿ, ಆ ಹುಡುಗಿಗೆ ಮರಿಗಳ ನಡುವೆ ಕೂತು ಫೋಟೋ ತೆಗೆಸಿಕೊಳ್ಳಬೇಕಿತ್ತು. ಕೆಟ್ಟ ಹುಡುಗಿಯೇನಲ್ಲ. ಒಂದು ಮರಿಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಕ್ಯಾಮೆರಾ ಹಿಡಿದವನು ಬಲ್ಬಿನ ಬೆಳಕು ಹಳದಿ ಹೊಡೆಯುತ್ತದೆ, ಬಿಸಿಲು ಬೇಕು ಅಂದ. ಅಳಿಯ ತಾನೇ ಹೋಗಿ ದೀಪಗಳ ಸ್ವಿಚ್ಚು ಆರಿಸಿದ. ನಾಲ್ಕು ಸುತ್ತಿಗೂ ಒಂದೇ ಸ್ವಿಚ್ಚು. ಗಾಳಿ ಬರುವ ದಿಕ್ಕಿನ ಪರದೆಯನ್ನು ಇಬ್ಬರು ಸೇರಿ ಮೇಲಕ್ಕೆ ಸುತ್ತಿದರು. ಹುಡುಗಿ ಒಳಗೆ ಕೂರಲು ಗೋಡೆಯ ಪಕ್ಕದ ಸುತ್ತಿನ ತಗಡನ್ನು ಬಿಚ್ಚಿ ಅಗಲ ಮಾಡಿದರು. ಶೆಡ್ಡಿನ ಮೂಲೆ ಮರಿಗಳಿಗೆ ತೆರೆದುಕೊಂಡಿತು.

"ಅಯ್ಯಾ, ಬೇಗ ಮುಗಿಸಿ ಮುಚ್ಚಿಬಿಡಬೇಕು. ಗಾಳಿ ಜೋರಿದೆ."

ಕ್ಯಾಮೆರಾದವನು ನನ್ನ ಕಡೆ ಬೆರಳು ತೋರಿಸಿ ಅಳಿಯನಿಗೆ ಏನೋ ಹೇಳಿದ. ಅಳಿಯ ನನ್ನ ಬಳಿ ಬಂದ. "ನೀನು ಫೋಟೋದಲ್ಲಿ ಬರ್ತಿದ್ದೀಯ. ಹಿಂದೆ ಹೋಗಿ ನೀರಿನ ತಟ್ಟೆಗಳನ್ನ ತೊಳಿ. ಕರೆಯೋವರೆಗೂ ಬರಬೇಡ."

ತೊಟ್ಟಿಯ ಹತ್ತಿರ ಕೂತು ತೊಳೆದೆ. ನೀರು ಕೊರೆಯುತ್ತಿತ್ತು. ನಲವತ್ತು ತಟ್ಟೆ ತೊಳೆದೆ. ಒಳಗೆ ನಗು ಕೇಳುತ್ತಿತ್ತು. ಆಮೇಲೆ ನಗು ಮನೆಯ ಕಡೆ ಹೋಯಿತು. ಯಾರೂ ಕರೆಯಲಿಲ್ಲ. ತೊಳೆದ ತಟ್ಟೆಗಳನ್ನೇ ಇನ್ನೊಮ್ಮೆ ತೊಳೆದೆ. ಆಗ ಮರಿಗಳ ಸದ್ದು ಬಂತು. ಆ ಸದ್ದು ನನಗೆ ಗೊತ್ತು. ಚಳಿಯ ಚೀರು ಮೊನಚಾಗಿರುತ್ತದೆ, ನಡುವೆ ಬಿಡುವಿರುವುದಿಲ್ಲ.

ಓಡಿದೆ. ಶೆಡ್ಡಿನ ಬಾಗಿಲಿಗೆ ಬೀಗ ಹಾಕಿತ್ತು. ನೆಂಟರ ಮಕ್ಕಳು ಒಳಗೆ ನುಗ್ಗಬಾರದು ಎಂದು ಅಳಿಯ ಹಾಕಿದ್ದನಂತೆ. ಎತ್ತಿದ ಪರದೆಯ ಹಿಂದೆ ಬೆಕ್ಕು ನಾಯಿ ನುಗ್ಗದ ಹಾಗೆ ತಂತಿ ಬಲೆ. ಅದರ ಕಣ್ಣಿನಿಂದ ನೋಡಿದೆ. ದೀಪ ಉರಿಯುತ್ತಿರಲಿಲ್ಲ. ಬಿಚ್ಚಿದ ಸುತ್ತು ಬಿಚ್ಚಿದ ಹಾಗೇ ಇತ್ತು. ಮರಿಗಳು ಮೂಲೆಯ ಕಡೆ ಹರಿಯುತ್ತಿದ್ದವು. ಸುತ್ತಿದ ಪರದೆಯನ್ನು ಕೆಳಗೆ ಬಿಡಿಸಿದೆ. ಅದೊಂದು ನನ್ನ ಕೈಲಾಯಿತು. ದೀಪಕ್ಕೂ ಮೂಲೆಗೂ ಒಳಗೆ ಹೋಗಬೇಕಿತ್ತು.

ಮನೆಯ ಹಿಂಬದಿಗೆ ಓಡಿದೆ. ಅಡುಗೆಯವಳು ಬಾಗಿಲಲ್ಲಿ ತಡೆದಳು.

"ಬೀಗದ ಕೈ ಬೇಕು. ಮರಿ ಸಾಯ್ತಿವೆ."

ಅವಳು ಒಳಗೆ ಹೋಗಿ ಬಂದಳು. "ಊಟಕ್ಕೆ ಕೂತಿದ್ದಾರೆ. ನೆಂಟರ ಮುಂದೆ ಗಲಾಟೆ ಮಾಡಬೇಡ ಅಂದ್ರು. ಕಾಯಬೇಕಂತೆ."

"ಇನ್ನೊಂದ್ಸಲ ಹೇಳು ತಾಯಿ. ಸಾಯ್ತಿವೆ ಅಂತ ಹೇಳು."

"ಹೇಳಿದೆ. ಎರಡನೇ ಸಲ ಹೇಳೋಕೆ ನಂಗೆ ಧೈರ್ಯ ಇಲ್ಲ."

ಮೆಟ್ಟಿಲ ಕೆಳಗೆ ನಿಂತೆ. ಕಿಟಕಿಯೊಳಗೆ ತಟ್ಟೆಗಳ ಸದ್ದು. ಯಾರೋ ಇನ್ನೂ ಸ್ವಲ್ಪ ಹಾಕಿಸಿಕೊಳ್ಳಿ ಅನ್ನುತ್ತಿದ್ದರು. ಶೆಡ್ಡಿನಿಂದ ಚೀರು ಇಲ್ಲಿಗೂ ಕೇಳುತ್ತಿತ್ತು. ಅವರಿಗೂ ಕೇಳಿಸಿರಬೇಕು. ಕೇಳಿದ್ದು ಏನು ಎಂದು ಗೊತ್ತಿರಲಿಲ್ಲ ಅಷ್ಟೆ. ನಾನು ಕೂಗಿದೆ. "ಅಯ್ಯಾ, ಬೀಗದ ಕೈ." ಕಿಟಕಿ ಮುಚ್ಚಿಕೊಂಡಿತು.

ಬೀಗ ಒಡೆಯಬಹುದಿತ್ತು. ಪರದೆಯ ಅಂಚಿಗೆ ಹೇರಿದ್ದ ಕಲ್ಲುಗಳು ಅಲ್ಲೇ ಬಿದ್ದಿದ್ದವು. ಒಂದು ಕಲ್ಲು ಸಾಕಿತ್ತು. ಅದು ನನಗೆ ಹೊಳೆಯಲೇ ಇಲ್ಲ. ಹೊಳೆಯದ ಹಾಗೆ ಹನ್ನೊಂದು ವರ್ಷ ನನ್ನನ್ನು ಸಾಕಿದ್ದರು. ಈಗ ದಿನಾ ಹೊಳೆಯುತ್ತದೆ. ಕೈಯಲ್ಲಿ ಕಲ್ಲಿನ ತೂಕವೂ ಗೊತ್ತಾಗುತ್ತದೆ.

ಅಳಿಯ ಬಾಯಿ ಒರೆಸಿಕೊಳ್ಳುತ್ತಾ ಬಂದು ಮೆಟ್ಟಿಲ ಮೇಲಿಂದ ಬೀಗದ ಕೈ ಎಸೆದ. ಅದು ಮಣ್ಣಿಗೆ ಬಿತ್ತು. ಎತ್ತಿಕೊಂಡು ಓಡಿದೆ. ಅರ್ಧ ದಾರಿಯಲ್ಲಿ ಗೊತ್ತಾಯಿತು, ಚೀರು ತಗ್ಗಿತ್ತು.

ಮೂಲೆಯಲ್ಲಿ ನನ್ನ ಮೊಣಕಾಲೆತ್ತರಕ್ಕೆ ಹಳದಿ ಗುಡ್ಡೆ. ಮೇಲಿನವು ಅಲುಗಾಡುತ್ತಿದ್ದವು. ಮೊಣಕಾಲೂರಿ ಎರಡೂ ಕೈಯಲ್ಲಿ ತೆಗೆದೆ. ಮೇಲಿನವನ್ನು ಎತ್ತಿ ಹಿಂದಕ್ಕೆ ಎಸೆದೆ. ಮೆಲ್ಲಗೆ ಇಡಲು ಹೊತ್ತಿರಲಿಲ್ಲ. ಕೆಳಗೆ ಹೋದಷ್ಟೂ ಮರಿಗಳು ಬಿಸಿಯಾಗಿದ್ದವು, ಒದ್ದೆಯಾಗಿದ್ದವು, ಚಪ್ಪಟೆಯಾಗಿದ್ದವು. ಅಷ್ಟು ಬಿಸಿ ಅಷ್ಟು ಹೊತ್ತೂ ಅಲ್ಲೇ ಇತ್ತು. ಉಸಿರೇ ಇರಲಿಲ್ಲ. ಸ್ವಿಚ್ಚು ಹಾಕಿದೆ. ಬಿಚ್ಚಿದ ತಗಡು ಕಟ್ಟಿದೆ. ಉಳಿದವನ್ನು ದೀಪದಡಿಗೆ ತಂದು ಒಂದೊಂದರ ಕೊಕ್ಕನ್ನೂ ಬೆಚ್ಚಗಿನ ನೀರಿಗೆ ಅದ್ದಿದೆ. ಮಿಕ್ಕ ಮೂರು ಸುತ್ತುಗಳಲ್ಲಿ ಮೂಲೆ ಇರಲಿಲ್ಲ, ಅದಕ್ಕೆ ಬದುಕಿದ್ದವು. ಅವುಗಳಲ್ಲೂ ಹತ್ತಿಪ್ಪತ್ತು ಹೋಗಿದ್ದವು.

ಸಂಜೆ ಕಾರುಗಳು ಹೋದ ಮೇಲೆ ಅಳಿಯ ಬಂದ. ಬಾಗಿಲ ಹೊರಗೆ ಒಂದು ಗೋಣಿ ಹಾಸಿಸಿದ. "ಎಣಿಸು. ಜೋರಾಗಿ," ಅಂದ. ಸತ್ತ ಮರಿಗಳನ್ನು ಒಂದೊಂದಾಗಿ ಎತ್ತಿ ಅದರ ಮೇಲಿಟ್ಟೆ. ಮನೆಯ ಆಳುಗಳೆಲ್ಲ ಬಂದು ನಿಂತು ನೋಡಿದರು. ನೂರಾದ ಮೇಲೆ ಮೆಲ್ಲಗೆ ಎಣಿಸಿದೆ. "ಕೇಳಿಸ್ತಿಲ್ಲ," ಅಂದ. ಮತ್ತೆ ಜೋರಾಗಿ ಎಣಿಸಿದೆ. ನಾನೂರ ಹದಿಮೂರು. ದೀಪ ಆರಿಸಿದವನು ನಿಂತಿದ್ದ. ಮೊಣಕಾಲೂರಿ ಎಣಿಸಿದವಳು ನಾನು.

ಮಾರನೇ ದಿನ ಬೆಳಿಗ್ಗೆ ಕಂಪನಿಯ ಮನುಷ್ಯ ಬಂದ. ಮರಿ ಕಂಪನಿಯದು, ಶೆಡ್ಡು ಯಜಮಾನನದು. ಇಷ್ಟು ಸತ್ತರೆ ಕಾರಣ ಬರೆದು ಕೊಡಬೇಕು. ಕಂಪನಿಯ ಮನುಷ್ಯ ವಯಸ್ಸಾದವನು, ಕೆಲಸ ಗೊತ್ತಿದ್ದವನು. ಎರಡು ಸತ್ತ ಮರಿಗಳನ್ನು ಎತ್ತಿ ಎದೆ ಒತ್ತಿ ನೋಡಿದ, ರೆಕ್ಕೆ ಬಿಡಿಸಿ ನೋಡಿದ.

"ರೋಗ ಅಲ್ಲ. ಮೂಲೇಲಿ ಒತ್ತಿ ಸತ್ತಿವೆ. ಚಳಿ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ನನ್ನ ಕಡೆ ನೋಡಿದ. "ಮೂಲೆ ಹೇಗೆ ಸಿಕ್ತು ಇವಕ್ಕೆ?"

ನಾನು ಬಾಯಿ ತೆರೆಯುವ ಮುಂಚೆ ಅಳಿಯ ಅವನ ತೋಳು ಹಿಡಿದು ಆಫೀಸು ಕೋಣೆಗೆ ಕರೆದುಕೊಂಡು ಹೋದ. ಅರ್ಧ ಗಂಟೆಯ ಮೇಲೆ ನನ್ನನ್ನು ಕರೆಸಿದರು. ಹನ್ನೊಂದು ವರ್ಷದಲ್ಲಿ ಆ ಕೋಣೆಯ ಒಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಮೇಜಿನ ಮೇಲೆ ಒಂದು ಕಾಗದ, ಪಕ್ಕದಲ್ಲಿ ಮಸಿಯ ಡಬ್ಬಿ. ಗೋಡೆಯ ಪಕ್ಕ ಗಾಡಿಯವನು ನಿಂತಿದ್ದ. ಅವನನ್ನು ಯಾಕೆ ಕರೆಸಿದ್ದಾರೆ ಎಂದು ನನಗೆ ತಿಳಿಯಲಿಲ್ಲ.

"ಹೆಬ್ಬೆಟ್ಟು ಒತ್ತು," ಅಂದ ಅಳಿಯ.

ನಾನು ಕಾಗದ ಎತ್ತಿಕೊಂಡೆ.

"ಅಲ್ಲೇ ಇಡು. ಕೆಳಗೆ ಜಾಗ ಬಿಟ್ಟಿದೆ ನೋಡು, ಅಲ್ಲಿ."

ನಾನು ಓದಿದೆ. ಓದಲು ಬರುತ್ತದೆಯಾ ಎಂದು ಅಲ್ಲಿ ನನ್ನನ್ನು ಯಾರೂ ಎಂದೂ ಕೇಳಿರಲಿಲ್ಲ.

'ನನ್ನ ಅಕ್ಕ ಮೃತಪಟ್ಟ ಕಾರಣ ನಾನು ಯಾರ ಅನುಮತಿಯನ್ನೂ ಪಡೆಯದೆ ನಿನ್ನೆಯ ದಿನ ಶೆಡ್ಡಿನ ದೀಪಗಳನ್ನು ಆರಿಸಿ ಕಾಲುವೆಯಾಚೆಯ ಆಕೆಯ ಮನೆಗೆ ಹೋಗಿರುತ್ತೇನೆ. ಅಲ್ಲಿ ನಾಲ್ಕು ಗಂಟೆ ಕಾಲ ಸಂಬಂಧಿಕರ ಜೊತೆ ಇದ್ದು ತಡವಾಗಿ ಮರಳಿರುತ್ತೇನೆ. ಸದರಿ ಮರಿಗಳ ಸಾವಿಗೆ ನಾನೇ ಹೊಣೆಗಾರಳು.'

ಎರಡು ಸಲ ಓದಿದೆ. ಮೊದಲ ಸಲ ಅರ್ಥವಾಗಲಿಲ್ಲ. ಎರಡನೇ ಸಲ ಅರ್ಥವಾಯಿತು. ಮರಿ ಕೊಂದೆ ಎಂದಷ್ಟೇ ಬರೆದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅಕ್ಕನ ಮನೆಗೆ ಹೋದೆ ಎಂದು ಬರೆದಿದ್ದರು. ಸಂಬಂಧಿಕರ ಜೊತೆ ಕೂತಿದ್ದೆ ಎಂದು ಬರೆದಿದ್ದರು. ನನಗೆ ಎರಡು ತಾಸು ಕೊಡದವರು ಕಾಗದದಲ್ಲಿ ನಾಲ್ಕು ಗಂಟೆ ಕೊಟ್ಟಿದ್ದರು.

"ಓದೋಕೆ ಬರುತ್ತಾ?" ಅಂದ ಕಂಪನಿಯ ಮನುಷ್ಯ.

"ಬರುತ್ತೆ. ಇದು ಸುಳ್ಳು."

"ನೋಡಮ್ಮ," ಅಂದ. ದನಿ ಮೆತ್ತಗಿತ್ತು. "ಕಂಪನಿಗೆ ಒಂದು ಕಾಗದ ಬೇಕು ಅಷ್ಟೆ. ಯಾರೂ ನಿನ್ನನ್ನ ಜೈಲಿಗೆ ಹಾಕಲ್ಲ. ಒತ್ತಿದ್ರೆ ಕೆಲಸ ಇರುತ್ತೆ. ಮೇಲಿನವರೂ ಅಯ್ಯೋ ಪಾಪ, ಅಕ್ಕ ಸತ್ತಿದ್ದಳು ಅಂತ ಬಿಟ್ಟುಬಿಡ್ತಾರೆ."

"ನಾನು ಹೋಗಿರಲಿಲ್ಲ."

"ಹೋಗಿದ್ದನ್ನ ನೋಡಿದವರಿದ್ದಾರೆ," ಅಂದ ಅಳಿಯ. ಗಾಡಿಯವನ ಕಡೆ ತಿರುಗಿದ. "ಹೇಳೋ."

ಗಾಡಿಯವನು ನೆಲ ನೋಡಿದ. "ನಾನು ಬೆಳಿಗ್ಗೆ ಬಂದು ಹೋಗೋನು ಸಾರ್. ಆಮೇಲಿಂದು ನಂಗೆ ಗೊತ್ತಾಗಲ್ಲ."

"ಅವಳ ಅಕ್ಕ ಸತ್ತಿದ್ದು ನಿಂಗೆ ಗೊತ್ತು ತಾನೆ."

"ಗೊತ್ತು."

"ಅಕ್ಕ ಸತ್ತರೆ ಯಾರಾದ್ರೂ ಹೋಗದೆ ಇರ್ತಾರಾ?"

ಗಾಡಿಯವನು ತಲೆ ಎತ್ತಲಿಲ್ಲ. "ಹೋಗಿರಬಹುದು," ಅಂದ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದದ್ದು ಬೇರೆ. ಆ ಕೋಣೆಯಲ್ಲಿ ನಾಲ್ಕು ಜನ ಇದ್ದೆವು. ಹೋಗಲಿಲ್ಲ ಎಂದು ನಾಲ್ವರಿಗೂ ಗೊತ್ತಿತ್ತು. ಆ ಮಾತು ಹೇಳುವವಳು ನಾನು ಒಬ್ಬಳೇ ಉಳಿದೆ.

"ನೀವೇ ದೀಪ ಆರಿಸಿದ್ರಿ," ಅಂದೆ ಅಳಿಯನಿಗೆ. "ನೀವೇ ಸುತ್ತು ಬಿಚ್ಚಿಸಿದ್ರಿ. ಬೀಗ ಹಾಕಿಕೊಂಡು ಊಟಕ್ಕೆ ಹೋದ್ರಿ. ನಾನು ನಿಮ್ಮ ಮೆಟ್ಟಿಲ ಹತ್ರ ನಿಂತು ಬೀಗದ ಕೈ ಕೇಳ್ತಿದ್ದೆ. ನಮ್ಮಕ್ಕ ಸತ್ತಿದ್ದು ಅದಕ್ಕೂ ಮೂರು ದಿನ ಮುಂಚೆ. ಆಗ ಹೋಗಲಾ ಅಂತ ಕೇಳಿದೆ. ಇಲ್ಲಿಂದಲೇ ನೋಡು ಅಂದ್ರಿ. ಅದನ್ನ ಬರೀರಿ. ನಾನು ಹೆಬ್ಬೆಟ್ಟಲ್ಲ, ಹೆಸರೇ ಬರೆದು ಕೊಡ್ತೀನಿ."

ಅಳಿಯನ ಮುಖ ಬಿಳಿಚಿತು. ಅವನು ಎದ್ದು ಬಂದ. ಅವತ್ತು ಮೂಗಿಗೆ ಕರವಸ್ತ್ರ ಇರಲಿಲ್ಲ. ನನ್ನ ಬಲಗೈ ಮಣಿಕಟ್ಟು ಹಿಡಿದ. ಹನ್ನೊಂದು ವರ್ಷದಲ್ಲಿ ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಕೈಯನ್ನು ಮಸಿ ಡಬ್ಬಿಯ ಕಡೆ ಎಳೆದ. ನಾನು ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದೆ. ಅವನು ಮುಷ್ಟಿಯನ್ನು ಮಸಿಗೆ ಒತ್ತಿದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದ. ಕಿರುಬೆರಳು ಲಟಕ್ ಎಂದಿತು. ಕಂಪನಿಯ ಮನುಷ್ಯ ಕಿಟಕಿಯ ಕಡೆ ತಿರುಗಿಕೊಂಡ. ಗಾಡಿಯವನು ಕಣ್ಣು ಮುಚ್ಚಿಕೊಂಡ.

ನಾನು ಕೂಗಲಿಲ್ಲ. ಅವನ ಮುಖವನ್ನೇ ನೋಡಿದೆ. ಎರಡು ಸಾವಿರ ಸಲ ಬಗ್ಗಿ ಎದ್ದ ಮೈ ಇದು. ಚೀಲ ಹೊತ್ತ ಕೈ. ಅವನ ಕೈ ಮೆತ್ತಗಿತ್ತು, ಬೆವರಿತ್ತು. ಬಿಡಿಸಲಾಗಲಿಲ್ಲ. ಕೊನೆಗೆ ಬಿಟ್ಟ.

"ಹೋಗು," ಅಂದ. "ಈಗಲೇ ಹೋಗು. ಇನ್ನು ಈ ಕಡೆ ಕಾಲಿಡಬೇಡ."

ಹೊರಟೆ. ಆದರೆ ಮೊದಲು ಶೆಡ್ಡಿಗೆ ಹೋದೆ. ಔಷಧಿ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದೆ. ಉಳಿದ ಮರಿಗಳು ನನಗೇನೂ ಮಾಡಿರಲಿಲ್ಲ. ನೀರು ತುಂಬಿದೆ. ಒದ್ದೆ ಹೊಟ್ಟು ತೆಗೆದು ಒಣಗಿದ್ದು ಹಾಕಿದೆ. ಮೂರನೇ ಸುತ್ತಿನಲ್ಲಿ ಸ್ವಲ್ಪ ಚಳಿ ಇತ್ತು, ಬಲ್ಬುಗಳನ್ನು ಎರಡು ಬೆರಳು ಇಳಿಸಿದೆ. ಅವು ಹರಡಿಕೊಂಡು ಕೂರುವವರೆಗೂ ನಿಂತು ನೋಡಿದೆ. ಹೊರಗೆ ಬಂದಾಗ ಅಳಿಯ ನಾನು ಏನು ಕದಿಯುತ್ತೇನೋ ಎಂದು ಬಾಗಿಲಲ್ಲಿ ಕಾಯುತ್ತಿದ್ದ. ಬೀಗದ ಕೈಯನ್ನು ಅವನ ಕೈಯಲ್ಲಿಟ್ಟೆ. ಎಸೆಯಲಿಲ್ಲ.

"ಇನ್ನು ಹನ್ನೊಂದು ದಿನ ಇದೆ ಅಯ್ಯಾ. ನೀವೇ ಕೂತ್ಕೊಳ್ಳಿ. ಬೇಲಿ ದಾಟಬೇಡಿ."

ಗೇಟಿನ ಹೊರಗೆ ಗಾಡಿ ನಿಂತಿತ್ತು. "ಹತ್ತು ಕಾವಕ್ಕ, ಬಿಡ್ತೀನಿ," ಅಂದ ಗಾಡಿಯವನು. "ಬೇಡ," ಅಂದೆ. ಅವನು ಗಾಡಿಯನ್ನು ನನ್ನ ಹೆಜ್ಜೆಗೆ ಸಮನಾಗಿ ನಿಧಾನ ಹೊಡೆದುಕೊಂಡು ಬಂದ. ಕಾಲುವೆಯ ಸೇತುವೆಯವರೆಗೂ ಬಂದ. "ನಂಗೂ ಮಕ್ಕಳಿದ್ದಾವೆ," ಅಂದ. "ಗೊತ್ತು," ಅಂದೆ.

ಅಕ್ಕನ ಮನೆ ಒಂದೇ ಕೋಣೆ. ಅಕ್ಕನ ಮಗಳು ಬಾಗಿಲಿನ ಒಳಗೆ ಕೂತು ಹರಿದ ಗೋಣಿಚೀಲ ಹೊಲಿಯುತ್ತಿದ್ದಳು. ಅದು ಅವಳ ಕೆಲಸ. ದಬ್ಬಣ ಎಳೆಯುತ್ತಲೇ ತಲೆ ಎತ್ತಿದಳು.

"ಈಗ ಬಂದ್ಯಾ ಚಿಕ್ಕಮ್ಮ."

ಒಳಗೆ ಬಾ ಅನ್ನಲಿಲ್ಲ. ನಾನು ಹೊಸ್ತಿಲ ಹೊರಗೇ ನಿಂತು ಎಲ್ಲ ಹೇಳಿದೆ. ಅನುಮತಿ ಕೇಳಿದ್ದು, ತೊಟ್ಟಿಯ ಕಟ್ಟೆ ಹತ್ತಿದ್ದು, ಬೀಗ, ಮೂಲೆ, ಕಾಗದ. ಹೇಳುವಷ್ಟು ಹೊತ್ತೂ ಅವಳು ಹೊಲಿಯುತ್ತಿದ್ದಳು. ನನ್ನ ಕೈ ಮಸಿಯಿಂದ ನೀಲಿಯಾಗಿತ್ತು, ಕಿರುಬೆರಳು ಊದಿತ್ತು. ಅದನ್ನು ಒಮ್ಮೆ ನೋಡಿದಳು.

"ಒತ್ತಿದ್ರೆ ಕೆಲಸ ಇರ್ತಿತ್ತು," ಅಂದಳು.

"ಹೌದು."

"ನೀನು ಅಮ್ಮನ್ನ ನೋಡೋಕೆ ಬಂದಿದ್ದೆ ಅಂತ ಅದರಲ್ಲಿ ಬರೆದಿತ್ತು."

"ಹೌದು."

"ಒತ್ತಬಹುದಿತ್ತಲ್ಲ. ಕಾಗದದಲ್ಲಾದ್ರೂ ಬಂದ ಹಾಗೆ ಆಗ್ತಿತ್ತು."

ಮುಷ್ಟಿ ಬಿಡಿಸಲು ಬಂದಾಗ ಆಗದ ನೋವು ಈ ಮಾತಿಗೆ ಆಯಿತು. ಅವಳು ಚುಚ್ಚುವುದಕ್ಕೆ ಹೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಹಾಗೆ ಅನ್ನಿಸಿತ್ತು.

"ನಾನು ಬರಲಿಲ್ಲ ಮಗಳೇ," ಅಂದೆ. "ನನ್ನನ್ನ ಬಿಡಲಿಲ್ಲ. ಬಂದಿದ್ದೆ ಅಂತ ನಾನೇ ಒಪ್ಪಿಕೊಂಡರೆ, ಬಿಡಲಿಲ್ಲ ಅನ್ನೋದು ಎಲ್ಲಿ ಉಳಿಯುತ್ತೆ?"

ಅವಳು ದಬ್ಬಣವನ್ನು ಗೋಣಿಗೆ ಚುಚ್ಚಿ ನಿಲ್ಲಿಸಿದಳು. ಆಮೇಲೆ ಚೀಲಗಳ ರಾಶಿಯನ್ನು ಪಕ್ಕಕ್ಕೆ ಸರಿಸಿದಳು. ಒಬ್ಬರು ಕೂರುವಷ್ಟು ಜಾಗ ಆಯಿತು.

"ಅಮ್ಮ ಮೂರು ದಿನವೂ ಈ ಕಡೆಗೇ ಮುಖ ಮಾಡ್ಕೊಂಡು ಮಲಗಿದ್ದಳು," ಅಂದಳು. "ಮಗ್ಗುಲು ಬದಲಿಸೋಕೆ ಹೋದ್ರೆ ಬೇಡ ಅಂತಿದ್ದಳು. ಬಾಗಿಲಲ್ಲಿ ಯಾರಾದ್ರೂ ನಿಂತರೆ ನೀನಾ ಅಂತ ಕೇಳ್ತಿದ್ದಳು."

ನಾನು ಆ ಬಾಗಿಲಲ್ಲೇ ನಿಂತಿದ್ದೆ.